50 ಜನರ ಪಟ್ಟಿ: ನಮ್ಮ ಬಳಗದ ಗುಂಪಿನಲ್ಲಿ

ರಘುನಾಥ (ಹಲವು ಬಾರಿ ಫಾರ್ವರ್ಡ್ ಆದ ಸಂದೇಶ): "ದೇಶದ ಭದ್ರತೆ ಎಂದರೆ ಸಾಕು, ಸರ್ಕಾರವು ಯಾವ ಹಕ್ಕನ್ನಾದರೂ ಎಷ್ಟು ದಿನವಾದರೂ ತಡೆಹಿಡಿಯಬಹುದು, ಯಾವ ನ್ಯಾಯಾಲಯವೂ ಪ್ರಶ್ನಿಸುವಂತಿಲ್ಲ. ಎಲ್ಲರಿಗೂ ತಿಳಿಸಿ." ನಾನು ಮೊದಲಿನಿಂದಲೂ ಹೇಳುತ್ತಿದ್ದುದು ಇದನ್ನೇ.

ಸುಮಾ: ಚಿಕ್ಕಪ್ಪ, ಇದಕ್ಕೆ ಆಧಾರವೇನು? ವಾಕ್ ಸ್ವಾತಂತ್ರ್ಯದ ಮೇಲಿನ ನಿರ್ಬಂಧವು ಕಾನೂನಿನ ಮೂಲಕವೇ ಬರಬೇಕು, ಸಂವಿಧಾನದ 19ನೇ ವಿಧಿ ಹೆಸರಿಸಿದ ಕಾರಣಗಳಿಗಷ್ಟೇ ಸೀಮಿತವಾಗಿರಬೇಕು, ಸಮಂಜಸವೂ ಆಗಿರಬೇಕು. "ಎಷ್ಟು ದಿನವಾದರೂ" ಎಂಬುದಂತೂ ಸುಳ್ಳು. ಕಾಶ್ಮೀರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರ ಜನವರಿಯಲ್ಲಿ, ಇಂಟರ್ನೆಟ್ಟನ್ನು ಅನಿರ್ದಿಷ್ಟ ಕಾಲ ಸ್ಥಗಿತಗೊಳಿಸುವಂತಿಲ್ಲ, ಅಂಥ ಆದೇಶಗಳನ್ನು ಪ್ರಕಟಿಸಲೇಬೇಕು ಎಂದಿದೆ.

ಶ್ರೀಕಂಠ: ಹಕ್ಕಿನ ಮಾತು ಎಲ್ಲರ ಬಾಯಲ್ಲೂ ಇದೆ, ಕರ್ತವ್ಯದ ಮಾತು ಯಾರಿಗೂ ಬೇಡ. ಮಕ್ಕಳು ಮೊದಲು ಸಂವಿಧಾನದ 51ಎ ವಿಧಿಯನ್ನು ಓದಲಿ.

ಸುಮಾ: ದೊಡ್ಡಪ್ಪ, ಆ ವಿಧಿ ಸೇರಿದ್ದೇ ತುರ್ತು ಪರಿಸ್ಥಿತಿಯ ನಡುವೆ, 1976ರ 42ನೇ ತಿದ್ದುಪಡಿಯಿಂದ.

ಗಿರೀಶ: ಆಗ ವಾಜಪೇಯಿ, ಅಡ್ವಾಣಿಯವರನ್ನು ಬಂಧಿಸಿದ್ದು ನಮ್ಮ ಬೆಂಗಳೂರಿನಲ್ಲೇ ಎಂದು ಅಜ್ಜ ಪ್ರತಿ ಬೇಸಿಗೆಯಲ್ಲೂ, ಅಜ್ಜಿ ಅಟ್ಟದಿಂದ ಹಲಸಿನ ಹಪ್ಪಳ ಇಳಿಸುವ ಹೊತ್ತಿಗೆ ಸರಿಯಾಗಿ, ಹೇಳುತ್ತಿದ್ದರು. ಆ ಹಪ್ಪಳದ ರುಚಿ ಮತ್ತೆ ಸಿಗಲಿಲ್ಲ.

ಶ್ರೀಕಂಠ: ರೈಲುಗಳು ಸಮಯಕ್ಕೆ ಸರಿಯಾಗಿ ಬರುತ್ತಿದ್ದವು ಎಂದೂ ನಿಮ್ಮಜ್ಜ ಹೇಳುತ್ತಿದ್ದರು.

ಸುಮಾ: ಬಂಧನದಲ್ಲಿದ್ದವರು ಬಿಡುಗಡೆಗಾಗಿ ನ್ಯಾಯಾಲಯಕ್ಕೆ ಬರುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ತೀರ್ಪಿತ್ತದ್ದೂ 1976ರಲ್ಲೇ, ಭಿನ್ನಮತ ಬರೆದವರು ನ್ಯಾಯಮೂರ್ತಿ ಎಚ್.ಆರ್. ಖನ್ನಾ ಒಬ್ಬರೇ. 1978ರ 44ನೇ ತಿದ್ದುಪಡಿಯ ನಂತರ 20 ಮತ್ತು 21ನೇ ವಿಧಿಗಳ ಹಕ್ಕುಗಳನ್ನು, ಅಂದರೆ ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯದಂಥವನ್ನು, ತುರ್ತು ಪರಿಸ್ಥಿತಿಯಲ್ಲಿಯೂ ಅಮಾನತಿನಲ್ಲಿಡಲಾಗದು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ್ದ ಖಾಸಗಿತನದ ಪ್ರಕರಣದಲ್ಲಿ, 2017ರಲ್ಲಿ, ಆ ಹಳೆಯ ತೀರ್ಪೂ ರದ್ದಾಯಿತು. ಚಿಕ್ಕಪ್ಪನ ಸಂದೇಶ ಸುಮಾರು ಐವತ್ತು ವರ್ಷ ತಡವಾಗಿ ಬಂದಿದೆ.

ರಘುನಾಥ: ನಿನ್ನ ತೀರ್ಪುಗಳು ಹಾಗಿರಲಿ. 2020ರ ಜೂನಿನಲ್ಲಿ ಮದುವೆಗೆ 50 ಅತಿಥಿಗಳಿಗಿಂತ ಹೆಚ್ಚು ಕೂಡದು ಎಂಬ ಆದೇಶವಿದ್ದಾಗ ನೀನು ಸಮಂಜಸವೇ ಎಂದು ಕೇಳಲಿಲ್ಲ. ನನ್ನ ಹೆಸರನ್ನು ತೆಗೆದುಹಾಕಿದಿರಿ.

ಸುಮಾ: ಅದಕ್ಕೆ 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಆಧಾರವಿತ್ತು, ಸೋಂಕು ತಡೆಯುವ ಉದ್ದೇಶವಿತ್ತು, ಮತ್ತು ಮದುವೆಯನ್ನೇ ನಿಷೇಧಿಸದೆ ಸಂಖ್ಯೆಯನ್ನಷ್ಟೇ ಮಿತಿಗೊಳಿಸಿತ್ತು. ನ್ಯಾಯಾಲಯ ನೋಡುವುದೂ ಇವನ್ನೇ.

ರಘುನಾಥ: 50 ಎಂದದ್ದು ಸರ್ಕಾರ, ಒಪ್ಪಿದೆ. ಆ 50 ಜನ ಯಾರೆಂದು ಆರಿಸಿದ್ದು ಸರ್ಕಾರವಲ್ಲ. ಅಳಿಯನ ಆಫೀಸಿನವರು ಮೊದಲ ಪಂಕ್ತಿಯಲ್ಲೇ ಕುಳಿತಿದ್ದ ಫೋಟೋವನ್ನು ಇದೇ ಗುಂಪಿನಲ್ಲಿ ನೋಡಿದೆ.

ಲಲಿತಾ: ರಘು, ಮಗುವನ್ನು ಕೇಳಬೇಡಿ, ಪಟ್ಟಿ ಬರೆದವಳು ನಾನು. ಅದರ ಹಿಂದಿನ ವರ್ಷ ನಿಮ್ಮ ಗೃಹಪ್ರವೇಶಕ್ಕೆ ನಮ್ಮನ್ನು ಕರೆಯದಿದ್ದಾಗ ಯಾವ ಆದೇಶವೂ ಜಾರಿಯಲ್ಲಿರಲಿಲ್ಲ.