ಊರ ಹತ್ರ ಅಣು ಸ್ಥಾವರ ಬರುತ್ತಂತೆ, ಅಹವಾಲು ಸಭೇಲಿ ಏನು ಕೇಳ್ಬೇಕು?

ಪ್ರಶ್ನೆ: ನಮ್ಮ ಕಡೆ ಜಾಗ ನೋಡ್ಕೊಂಡು ಹೋಗ್ಯಾರ, ಸಣ್ಣ ರಿಯಾಕ್ಟರ್ ಐತಿ, ಏನೂ ಆಗಂಗಿಲ್ಲ ಅಂತಾರ. ಬೋರ್‌ವೆಲ್ ನಂಬ್ಕೊಂಡು ಬದುಕೋ ಊರು ನಮ್ದು. ಕೈಗಾ ಕಡೆಯವ್ರು ಇದ್ರ ಅನುಭವ ಹೇಳ್ರಿ, ಏನ್ ಕೇಳ್ಬೇಕು, ಯಾರನ್ನ ಕೇಳ್ಬೇಕು?

ಉತ್ತರ 1: ನಮ್ಮದು ಕದ್ರಾ ಡ್ಯಾಂ ಹತ್ರದ ಊರು. 2018ರ ಡಿಸೆಂಬರಲ್ಲಿ ಕೈಗಾ ಅಣು ಸ್ಥಾವರದ 5, 6ನೇ ಘಟಕಕ್ಕೆ (ಒಂದೊಂದೂ 700 ಮೆಗಾವ್ಯಾಟ್) ಅಹವಾಲು ಸಭೆ ಆದಾಗ ಮನೆಮಂದಿಯೆಲ್ಲ ಹೋಗಿದ್ವಿ. ಅಪ್ಪ ಮೈಕ್ ಹಿಡಿದು ಹತ್ತು ನಿಮಿಷ ಮಾತಾಡಿದ್ರು, ಚಪ್ಪಾಳೆನೂ ಬಿತ್ತು, ಆದ್ರೆ ಸಿಟ್ಟಲ್ಲಿ ಕಾಳಿ ನದಿಗೆ ಬಿಡೋ ಬಿಸಿನೀರು, ಮೀನು, ಈ ವಿಷಯಾನೇ ಬಿಟ್ಟುಹೋಯ್ತು. ಚಿಕ್ಕಮ್ಮ ಬಾಯೇ ತೆಗೀಲಿಲ್ಲ, ಎರಡು ಹಾಳೆ ಬರ್ಕೊಂಡು ಬಂದಿದ್ರು, ಕೊಟ್ಟು ಇನ್ನೊಂದು ಪ್ರತಿ ಮೇಲೆ ಸೀಲು ಹಾಕಿಸ್ಕೊಂಡ್ರು. ಅದು ಇವತ್ತಿಗೂ ರೇಷನ್ ಕಾರ್ಡ್ ಜೊತೆ ಕವರಲ್ಲಿದೆ. ಹಂಗಾಗಿ ನೀವು ಬರೆದೇ ಕೊಡಿ. ಸಭೆಗೆ 30 ದಿನ ಮುಂಚೆ ನೋಟಿಸ್ ಬರ್ಬೇಕು, ಪರಿಸರ ಪರಿಣಾಮ ವರದಿಯ ಸಾರಾಂಶ ಕನ್ನಡದಲ್ಲಿ ಡಿಸಿ ಆಫೀಸಲ್ಲಿ, ಜಿಲ್ಲಾ ಪಂಚಾಯ್ತೀಲಿ ಇಡ್ಬೇಕು, ಮುಗಿಯೋವಾಗ ನಡಾವಳಿ ಕನ್ನಡದಲ್ಲಿ ಓದಿ ಹೇಳ್ಬೇಕು. ಕೊನೆ ಬಸ್ಸು ಅಂತ ಎದ್ದು ಬರ್ಬೇಡಿ, ನಿಮ್ಮ ಮಾತು ಅದರಲ್ಲಿ ಬಂದಿದ್ಯಾ ಕೇಳಿಸ್ಕೊಂಡೇ ಏಳಿ.

ಉತ್ತರ 2: ಮೇಲಿನ ಅಕ್ಕ ಹೇಳಿದ್ದು ಸರಿ. ಯಾರನ್ನ ಕೇಳ್ಬೇಕು ಅಂದ್ರಲ್ಲ, ಅದ್ರಲ್ಲೇ ನಮ್ಮೂರವ್ರು ತುಂಬ ಹೊತ್ತು ಕಳೆದ್ವಿ. ರಿಯಾಕ್ಟರ್ ಸುರಕ್ಷತೆ ಪೂರ್ತಿ ಕೇಂದ್ರದ್ದು, 1983ರಲ್ಲಿ ಆದ ಅಣುಶಕ್ತಿ ನಿಯಂತ್ರಣ ಮಂಡಳಿ ನೋಡುತ್ತೆ, ಡಿಸೈನ್ ಬಗ್ಗೆ ಡಿಸಿ ಸಾಹೇಬ್ರಿಗೆ ಎಷ್ಟು ಕೇಳಿದ್ರೂ ಉತ್ತರ ಸಿಗಲ್ಲ. ಆದ್ರೆ ಜಮೀನು, ನೀರು, ಅಹವಾಲು ಸಭೆ, ಅಪಘಾತ ಆದ್ರೆ ಸ್ಥಾವರದ ಹೊರಗಿನ ಜನರನ್ನ ಸಾಗಿಸೋದು ಇದೆಲ್ಲ ರಾಜ್ಯದ ಕೈಲಿದೆ. 16 ಕಿಲೋಮೀಟರ್ ಒಳಗಿನ ಊರಿಗೆಲ್ಲ ತುರ್ತು ಯೋಜನೆ ಇರುತ್ತೆ. ನಮ್ಮೂರಿಂದ ಯಾವ ರಸ್ತೆ, ಎಷ್ಟು ಬಸ್ಸು, ಅಯೋಡಿನ್ ಮಾತ್ರೆ (ವಿಕಿರಣದ ಅಯೋಡಿನ್ ಥೈರಾಯ್ಡಿಗೆ ಸೇರದ ಹಾಗೆ ನುಂಗೋದು) ಯಾರ ಹತ್ರ ಇರುತ್ತೆ, ಊರ ಹೆಸರು ಹಿಡಿದೇ ಕೇಳಿ. ನೀರಿಗೆ ನಮಗೆ ಕದ್ರಾ ಜಲಾಶಯ ಇದೆ, ಬಯಲುಸೀಮೇಲಿ ಏಪ್ರಿಲ್ ಮೇ ತಿಂಗಳಲ್ಲಿ ಯಾವ ನದಿಯಿಂದ ಎಷ್ಟು ತರ್ತಾರೆ, ನಿಮಗೆ ಇದೇ ಮೊದಲ ಪ್ರಶ್ನೆ.

ಇನ್ನೊಂದು, ಸಣ್ಣದು ಅಂದ್ರೆ ಯಾವುದು ಅಂತ ಹೇಳಿಸಿ. ಭಾರತ್ ಸ್ಮಾಲ್ ರಿಯಾಕ್ಟರ್ ಅಂತಿರೋದು 220 ಮೆಗಾವ್ಯಾಟಿನ, ಭಾರಜಲ (ಹೆವಿ ವಾಟರ್) ಬಳಸೋದು, ಕೈಗಾದ ಮೊದಲ ನಾಲ್ಕು ಘಟಕಗಳೂ ಅದೇ ಜಾತಿ. 2025ರ ಬಜೆಟ್ಟಲ್ಲಿ 20,000 ಕೋಟಿ ಇಟ್ಟು 2033ರೊಳಗೆ ಐದು ಮಾಡ್ತೀವಿ ಅಂದಿದ್ದು ಎಸ್‌ಎಂಆರ್ (ಸ್ಮಾಲ್ ಮಾಡ್ಯುಲರ್ ರಿಯಾಕ್ಟರ್) ಅನ್ನೋ ಬೇರೆ ಹೊಸ ಡಿಸೈನಿಗೆ. ಹಳೇದರ ದಾಖಲೆ ತೋರ್ಸಿ ಹೊಸದಕ್ಕೆ ಒಪ್ಪಿಸ್ಕೊಂಡ್ರೆ ಅದು ನ್ಯಾಯ ಅಲ್ಲ.

ಉತ್ತರ 3: ನಾನು ವಿರೋಧಿ ಅಲ್ಲ. ನಮ್ಮ ಕೈಗಾದ 1ನೇ ಘಟಕ 962 ದಿನ ಎಡೆಬಿಡದೆ ಓಡಿ 2018ರ ಕೊನೇಲಿ ನಿಂತಿದ್ದು, ಹೆಮ್ಮೆನೇ ಇದೆ. ಆದ್ರೆ 1994ರ ಮೇ ತಿಂಗಳಲ್ಲಿ ಕಟ್ತಿರೋವಾಗ್ಲೇ ಅದೇ ಕೈಗಾದ ರಿಯಾಕ್ಟರ್ ಕಟ್ಟಡದ ಗುಮ್ಮಟದ ಕಾಂಕ್ರೀಟ್ ಕಳಚಿ ಬಿದ್ದಿತ್ತು, ಇಂಧನ ಇನ್ನೂ ಹಾಕಿರ್ಲಿಲ್ಲ, ಬಚಾವ್. ಕಟ್ಟಡ ಕೆಲಸ ಯಾರು ಯಾವಾಗ ಪರೀಕ್ಷೆ ಮಾಡ್ತಾರೆ ಅಂತ ಅದಕ್ಕೇ ಕೇಳ್ಬೇಕು. ಜನರಿಗೆ ತಗಲೋ ವಿಕಿರಣಕ್ಕೆ ವರ್ಷಕ್ಕೆ 1 ಮಿಲಿಸೀವರ್ಟ್ (ವಿಕಿರಣ ಅಳೆಯೋ ಮಾನ) ಮಿತಿ, ಹಾಲು, ಮೀನು, ನೀರು ಅಳೆಯೋ ಲ್ಯಾಬ್ ಸ್ಥಾವರದಲ್ಲೇ ಇರುತ್ತೆ. ನಿಮ್ಮ ಬೋರ್‌ವೆಲ್ ನೀರನ್ನ ಗುದ್ದಲಿ ಪೂಜೆಗೂ ಮುಂಚೆ ಅಳೆಸಿ, ತಾರೀಕು ಹಾಕಿದ ರಿಪೋರ್ಟ್ ಪಂಚಾಯ್ತೀಲಿ ಒಂದು, ಮನೇಲಿ ಒಂದು ಇಟ್ಕೊಳ್ಳಿ.