ಸಹಾಯ ಬೇಕು: ಗಿಲ್ಮೋರ್ ಸೂಜಿ ಯಾವ ಲ್ಯಾಬ್‌ನಲ್ಲಿದೆ?

ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ ಎಂಡಿಎಸ್ (ದಂತವೈದ್ಯ ಸ್ನಾತಕೋತ್ತರ ಕೋರ್ಸ್) ಓದುತ್ತಿದ್ದೇನೆ. ರೂಟ್ ಕೆನಾಲ್‌ಗೆ ಬಳಸುವ ಬಯೋಸೆರಾಮಿಕ್ ಸಿಮೆಂಟ್ ಎಷ್ಟು ಹೊತ್ತಿಗೆ ಗಟ್ಟಿಯಾಗುತ್ತದೆ ಅನ್ನೋದು ನನ್ನ ಥೀಸಿಸ್. ಇಂಥ ಸಿಮೆಂಟ್‌ಗಳಲ್ಲಿ ಒಂದಾದ ಎಂಟಿಎಗೆ ಸುಮಾರು 2 ಗಂಟೆ 45 ನಿಮಿಷ ಬೇಕು. ಬಯೋಡೆಂಟಿನ್ ಅನ್ನೋ ಇನ್ನೊಂದಕ್ಕೆ ಕಂಪನಿ ಹೇಳುವುದು 12 ನಿಮಿಷ. ತಡವಾದಷ್ಟೂ ರಕ್ತ, ಎಂಜಲು ತಾಗಿ ಸಿಮೆಂಟ್ ಕೊಚ್ಚಿಹೋಗುವ ಭಯ ಜಾಸ್ತಿ, ಅಲ್ವಾ?

ಗಟ್ಟಿಯಾಗುವ ಸಮಯ ಅಳೆಯಲು 113.4 ಮತ್ತು 453.6 ಗ್ರಾಂ ತೂಕದ ಗಿಲ್ಮೋರ್ ಸೂಜಿಗಳು ಬೇಕು; ಸಿಮೆಂಟಿನ ಮೇಲೆ ಇಟ್ಟಾಗ ಗುರುತು ಬೀಳದಿದ್ದರೆ ಗಟ್ಟಿಯಾಗಿದೆ ಎಂದರ್ಥ. ಮನೆ ಕಟ್ಟುವ ಸಿಮೆಂಟಿಗೂ ಇವನ್ನೇ ಬಳಸುತ್ತಾರೆ. ನಮ್ಮದೂ ಅದೇ ಜಾತಿ, ನೀರು ಸೇರಿದರೆ ಗಟ್ಟಿಯಾಗುವ ಕ್ಯಾಲ್ಸಿಯಂ ಸಿಲಿಕೇಟ್. ಇದೇ ಸಮಯ ಅಳೆಯುವ ಇನ್ನೊಂದು ಸಾಧನ, ವಿಕಾಟ್ ಉಪಕರಣ ಸಿಕ್ಕಿತು, ಆದರೆ ಅದರ ಅಚ್ಚು ತುಂಬಲು ನೂರಾರು ಗ್ರಾಂ ಬೇಕು. ಈ ದುಬಾರಿ ಪುಡಿಯಲ್ಲಿ ಅದು ಆಗದ ಮಾತು.

ಮೈಸೂರು, ಮಂಡ್ಯದ ಯಾವುದಾದರೂ ಸಿವಿಲ್ ಲ್ಯಾಬ್‌ನಲ್ಲಿ ಇದ್ದರೆ ದಯವಿಟ್ಟು ತಿಳಿಸಿ. ನಾನೇ ಬಂದು ಅಲ್ಲೇ ಕೂತು ಅಳತೆ ಮಾಡಿಕೊಳ್ಳುತ್ತೇನೆ.