ಕೆಮಿಸ್ಟ್ರಿ ಓದಿದವರು ಅಣು ತ್ಯಾಜ್ಯದಲ್ಲಿ ಪಿಎಚ್‌ಡಿ ಮಾಡಬಹುದಾ?

ಪ್ರಶ್ನೆ: ಹಾಸನದಲ್ಲಿ ಕೆಮಿಸ್ಟ್ರಿ ಎಂಎಸ್ಸಿ ಮುಗಿಸಿದ್ದೇನೆ. ಅಣು ತ್ಯಾಜ್ಯದ ಮೇಲೆ ಪಿಎಚ್‌ಡಿ ಮಾಡುವ ಆಸೆ. ಅದು ಫಿಸಿಕ್ಸ್‌ನವರ ಕೆಲಸ ಅಂತ ಗೆಳೆಯರು ಹೇಳುತ್ತಾರೆ. ವಿಕಿರಣ ಅಂದರೆ ಅಮ್ಮನಿಗೆ ಭಯ. ಎಲ್ಲಿಂದ ಶುರು ಮಾಡಲಿ?

ಉತ್ತರ: ಇದು ಮೊದಲಿಗೆ ಕೆಮಿಸ್ಟ್ರಿಯವರದ್ದೇ ಕೆಲಸ. ನಾನೂ ಎಂಎಸ್ಸಿ ಕೆಮಿಸ್ಟ್ರಿ ಓದಿಯೇ ಈ ಕಡೆ ಬಂದವನು.

ರಿಯಾಕ್ಟರ್‌ನಲ್ಲಿ ಬಳಸಿದ ಇಂಧನವನ್ನು ನೈಟ್ರಿಕ್ ಆಸಿಡ್‌ನಲ್ಲಿ ಕರಗಿಸುತ್ತಾರೆ. ಟ್ರೈಬ್ಯುಟೈಲ್ ಫಾಸ್ಫೇಟ್ ಎಂಬ ರಾಸಾಯನಿಕ ಬಳಸಿ ಯುರೇನಿಯಂ, ಪ್ಲುಟೋನಿಯಂ ಬೇರೆ ಮಾಡುತ್ತಾರೆ. ಉಳಿಯುವ ದ್ರಾವಣವೇ ದೊಡ್ಡ ತಲೆನೋವು. ಸೀಸಿಯಂ, ಸ್ಟ್ರಾಂಷಿಯಂ, ಅಮೆರಿಸಿಯಂ ಎಲ್ಲ ಅದರಲ್ಲೇ ಇರುತ್ತವೆ. ಅದನ್ನು ಬೋರೋಸಿಲಿಕೇಟ್ ಗಾಜಿನೊಳಗೆ ಸೇರಿಸಿ ಗಟ್ಟಿ ಮಾಡುತ್ತಾರೆ. ಕೇಳಲು ಸುಲಭ, ಅಲ್ವಾ? ಆದರೆ ದ್ರಾವಣದಲ್ಲಿ ಸಲ್ಫೇಟ್ ಜಾಸ್ತಿ ಇದ್ದರೆ ಅದು ಗಾಜಿನಲ್ಲಿ ಬೆರೆಯುವುದಿಲ್ಲ. ಸೀಸಿಯಂ ಅನ್ನೂ ಎಳೆದುಕೊಂಡು ಬೇರೆ ಪದರವಾಗಿ ನಿಲ್ಲುತ್ತದೆ. ಆ ಪದರ ನೀರಿನಲ್ಲಿ ಕರಗುತ್ತದೆ. ಮುಂಬೈನ ಟ್ರಾಂಬೆಯಲ್ಲಿರುವ ಅಣು ಕೇಂದ್ರದಲ್ಲಿ ಇದಕ್ಕೆಂದೇ ಬೇರಿಯಂ ಹಾಕಿದ ಗಾಜು ಮಾಡಿದರು. ಸಲ್ಫೇಟ್ ಏಕೆ ಬೆರೆಯುವುದಿಲ್ಲ ಎಂಬ ಇಷ್ಟೇ ಪ್ರಶ್ನೆ ಹಿಡಿದು ನಾಲ್ಕೈದು ವರ್ಷ ಕೆಲಸ ಮಾಡಬಹುದು.

ಇನ್ನು ಅಮ್ಮನ ಭಯ. ಸುಮ್ನೆ "ಏನೂ ಆಗಲ್ಲ" ಅನ್ನಬೇಡಿ, ಕೂರಿಸಿಕೊಂಡು ವಿವರಿಸಿ. ವಿಶ್ವವಿದ್ಯಾಲಯದ ಲ್ಯಾಬ್‌ಗಳಲ್ಲಿ ಸಾಮಾನ್ಯವಾಗಿ ವಿಕಿರಣವಿಲ್ಲದ ಸೀಸಿಯಂ ಬಳಸುತ್ತಾರೆ. ಅಮೆರಿಸಿಯಂ ಬದಲು ಯುರೋಪಿಯಂ ಅಥವಾ ನಿಯೋಡಿಮಿಯಂ. ಅವುಗಳ ಅಯಾನಿನ ಗಾತ್ರ ಹತ್ತಿರ ಹತ್ತಿರ ಒಂದೇ. ನಿಜವಾದ ತ್ಯಾಜ್ಯದ ಕೆಲಸ ಹಾಟ್ ಸೆಲ್‌ನಲ್ಲಿ. ಅಲ್ಲಿ ದಪ್ಪ ಗೋಡೆಯ ಈಚೆ ನಿಂತು ಯಂತ್ರದ ಕೈಗಳಿಂದ ಕೆಲಸ ಮಾಡುತ್ತಾರೆ. ಅದೇ ತ್ಯಾಜ್ಯದಿಂದ ತೆಗೆದ ಸೀಸಿಯಂ-137 ಅನ್ನು ಟ್ರಾಂಬೆಯಲ್ಲಿ ಗಾಜಿನ ಪೆನ್ಸಿಲ್ ಮಾಡಿ, ರೋಗಿಗೆ ಕೊಡುವ ರಕ್ತವನ್ನು ಸಂಸ್ಕರಿಸುವ ಯಂತ್ರಕ್ಕೆ ಹಾಕುತ್ತಾರೆ. ಇದನ್ನೂ ಅವರಿಗೆ ಹೇಳಿ.

ಮೊದಲ ಹೆಜ್ಜೆ ನೆಟ್ ಅಥವಾ ಗೇಟ್ ಪರೀಕ್ಷೆ. ನೆಟ್‌ನಿಂದ ಸಿಗುವ ಸಂಶೋಧನಾ ಫೆಲೋಶಿಪ್, ಅಂದರೆ ಸಿಎಸ್‌ಐಆರ್-ಯುಜಿಸಿ ಜೆಆರ್‌ಎಫ್, 2023ರಿಂದ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ ಆಗಿದೆ. ಆಮೇಲೆ ಹೋಮಿ ಭಾಭಾ ನ್ಯಾಷನಲ್ ಇನ್‌ಸ್ಟಿಟ್ಯೂಟ್ ನೋಡಿ. ಟ್ರಾಂಬೆಯ ಬಾರ್ಕ್ (ಭಾಭಾ ಅಣು ಸಂಶೋಧನಾ ಕೇಂದ್ರ), ಕಲ್ಪಾಕ್ಕಂನ ಐಜಿಕಾರ್ (ಇಂದಿರಾ ಗಾಂಧಿ ಅಣು ಸಂಶೋಧನಾ ಕೇಂದ್ರ) ಎರಡೂ ಅದರೊಳಗೇ ಬರುತ್ತವೆ. ದೂರ ಹೋಗಲು ಆಗದಿದ್ದರೆ ಬಿಆರ್‌ಎನ್‌ಎಸ್ (ಅಣುಶಕ್ತಿ ಇಲಾಖೆಯ ಸಂಶೋಧನಾ ಮಂಡಳಿ) ಹಣದ ಪ್ರಾಜೆಕ್ಟ್ ನಡೆಸುವ ಪ್ರೊಫೆಸರ್ ಹತ್ತಿರದಲ್ಲಿ ಇದ್ದಾರಾ ವಿಚಾರಿಸಿ.

ಮರುಪ್ರಶ್ನೆ (ಚಿಕ್ಕಮಗಳೂರಿನಿಂದ): ಸಾರ್, ನಾನು ಸಿವಿಲ್ ಎಂಜಿನಿಯರ್. ನಮ್ಮಂಥವರಿಗೂ ಜಾಗ ಇದೆಯಾ?

ಉತ್ತರ: ಖಂಡಿತ ಇದೆ. ತ್ಯಾಜ್ಯ ಸೇರಿಸಿದ ಗಾಜನ್ನು ಕೊನೆಗೆ ಇಡಬೇಕಾದದ್ದು ಆಳದ ಬಂಡೆಯಲ್ಲಿ. ತ್ಯಾಜ್ಯದ ಬಿಸಿಗೆ ಬಂಡೆ ಬಿರಿಯುತ್ತದಾ, ನೀರು ಎಲ್ಲಿಂದ ಜಿನುಗುತ್ತದೆ, ಸುತ್ತ ತುಂಬುವ ಬೆಂಟೊನೈಟ್ ಜೇಡಿ ಎಷ್ಟು ಉಬ್ಬುತ್ತದೆ, ಇವೆಲ್ಲ ಸಿವಿಲ್‌ನವರ ಪ್ರಶ್ನೆಗಳೇ. 1980ರ ದಶಕದಲ್ಲಿ ಕೋಲಾರದ ಚಿನ್ನದ ಗಣಿಯ ಕೈಬಿಟ್ಟ ಭಾಗದಲ್ಲಿ, ಸುಮಾರು 1,000 ಮೀಟರ್ ಆಳದಲ್ಲಿ, ಹೀಟರ್ ಇಟ್ಟು ಬಂಡೆಯನ್ನು ಪರೀಕ್ಷಿಸಿದ್ದರು. ನಮ್ಮ ಗೊರೂರಿನ ನೈಸ್ (gneiss) ಎಂಬ ಜಾತಿಯ ಕಲ್ಲಿಗೆ 300 ಕೋಟಿ ವರ್ಷಕ್ಕೂ ಜಾಸ್ತಿ ವಯಸ್ಸು. ಇಷ್ಟು ಹಳೆಯ ಕಲ್ಲಿನ ನಡುವೆ ಬೆಳೆದವರು ಬಂಡೆಯ ಬಿರುಕಿನ ಮೇಲೆ ಕೆಲಸ ಮಾಡಿದರೆ ನನಗಂತೂ ತುಂಬಾ ಸಂತೋಷ.

ಇಬ್ಬರೂ ನಿಮಗೆ ಇಷ್ಟವಾದ ಒಂದೇ ಒಂದು ಪ್ರಶ್ನೆಯನ್ನು ಒಂದು ಪುಟದಲ್ಲಿ ಬರೆದು ಇಲ್ಲಿ ಹಾಕಿ. ಭಾನುವಾರ ಕೂತು ಓದುತ್ತೇನೆ.